ಕಣ್ಣಿನ ಗೂಡಿನಲ್ಲಿ ಲಾಡಿಹುಳುವಿನ ಸಿಸ್ಟ್: ಸಸ್ಯಾಹಾರಿಗೂ ಬರುತ್ತದೆಯೇ, ಆಪರೇಷನ್ ಬೇಕೇ?

ಬರುತ್ತದೆ. ಆಪರೇಷನ್ ಹೆಚ್ಚಿನವರಿಗೆ ಬೇಡ.

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕಾಣುವುದು ಸಿಸ್ಟಿಸರ್ಕೋಸಿಸ್, ಅಂದರೆ ಹಂದಿ ಲಾಡಿಹುಳುವಿನ ಮರಿ ದೇಹದಲ್ಲಿ ಗುಳ್ಳೆಯಾಗಿ (ಸಿಸ್ಟ್) ನೆಲೆಸುವ ರೋಗ. ಹುಳುವಿರುವ ಮನುಷ್ಯನ ಮಲದಲ್ಲಿನ ಮೊಟ್ಟೆಗಳು ಸರಿಯಾಗಿ ತೊಳೆಯದ ಸೊಪ್ಪು, ನೀರು, ಕೈಗಳ ಮೂಲಕ ಹೊಟ್ಟೆ ಸೇರುತ್ತವೆ. ಮರಿ ರಕ್ತದ ಜೊತೆ ಸಾಗಿ ಕಣ್ಣು ತಿರುಗಿಸುವ ಸ್ನಾಯುವಿನಲ್ಲಿ ನೆಲೆಸುತ್ತದೆ. ನೋವು, ಕೆಂಪು, ಎರಡೆರಡು ಕಾಣುವುದು, ರೆಪ್ಪೆ ಜೋಲುವುದು ಇದರಿಂದಲೇ.

ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಅಥವಾ ಸಿಟಿ ಸ್ಕ್ಯಾನಿನಲ್ಲಿ ಗುಳ್ಳೆಯೊಳಗೆ ಹುಳುವಿನ ತಲೆ ಚುಕ್ಕೆಯಂತೆ ಕಂಡರೆ ರೋಗ ಖಚಿತ. ಸ್ನಾಯುವಿನಲ್ಲಿದ್ದರೆ ವೈದ್ಯರು ಸಾಮಾನ್ಯವಾಗಿ ಕೊಡುವುದು ಆಲ್ಬೆಂಡಜೋಲ್ ಎಂಬ ಹುಳುವಿನ ಮಾತ್ರೆ: ದಿನಕ್ಕೆ, ತೂಕದ ಪ್ರತಿ ಕೆಜಿಗೆ 15 ಮಿಗ್ರಾಂ, ಸುಮಾರು 4 ವಾರ. ಜೊತೆಗೆ ಊತ ತಗ್ಗಿಸುವ ಸ್ಟೆರಾಯ್ಡ್ ಪ್ರೆಡ್ನಿಸೊಲೋನ್, ದಿನಕ್ಕೆ ಕೆಜಿಗೆ 1 ಮಿಗ್ರಾಂ, ಆಮೇಲೆ ನಿಧಾನವಾಗಿ ಇಳಿಸುತ್ತಾರೆ. ಸ್ಟೆರಾಯ್ಡ್ ಇಲ್ಲದೆ ಹುಳುವಿನ ಮಾತ್ರೆ ಮಾತ್ರ ನುಂಗಿದರೆ ಸಾಯುವ ಮರಿಯಿಂದ ಊತ ಜೋರಾಗುತ್ತದೆ. ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವವರು ಎಡವುವುದು ಇಲ್ಲೇ.

ಮಾತ್ರೆ ಶುರುಮಾಡುವ ಮುನ್ನ ಮೆದುಳಿನ ಸ್ಕ್ಯಾನ್, ರೆಟಿನಾ ಪರೀಕ್ಷೆ ಎರಡೂ ಆಗಲೇಬೇಕು. ಸಿಸ್ಟ್ ಕಣ್ಣುಗುಡ್ಡೆಯ ಒಳಗೇ ಇದ್ದರೆ ಅದೇ ಊತ ದೃಷ್ಟಿಯನ್ನು ಕಳೆಯಬಹುದು. ಅಲ್ಲಿ ಶಸ್ತ್ರಚಿಕಿತ್ಸೆಯೇ ದಾರಿ.

ನಾಯಿಯ ಲಾಡಿಹುಳುವಿನಿಂದ ಬರುವ ಹೈಡಾಟಿಡ್ ಸಿಸ್ಟ್ ಬೇರೆಯದು: ಸಾಮಾನ್ಯವಾಗಿ ನೋವಿಲ್ಲದೆ ಕಣ್ಣು ಮುಂದಕ್ಕೆ ಉಬ್ಬುತ್ತದೆ. ಅದನ್ನು ಆಪರೇಷನ್ ಮಾಡಿ ತೆಗೆಯುತ್ತಾರೆ. ಒಡೆದರೆ ತೀವ್ರ ಅಲರ್ಜಿಯ ಅಪಾಯವಿದೆ.