ಅಲ್ಬೇನಿಯಾದ ಕೆಲ್ಮೆಂಡಿ ಬುಡಕಟ್ಟಿನ ಮೂಲ ಯಾವುದು, ಅದರ ಇತಿಹಾಸವೇನು?

ಕೆಲ್ಮೆಂಡಿಗಳ ನೆಲೆ ಉತ್ತರ ಅಲ್ಬೇನಿಯಾದ ತುತ್ತತುದಿ. ವೆರ್ಮೋಷ್, ಸೆಲ್ಸ, ವುಕಲ್, ನಿಕ್ಚ್, ಬೋಗ ಇವು ಅವರ ಮುಖ್ಯ ಹಳ್ಳಿಗಳು. ಎಲ್ಲರೂ ಒಬ್ಬ ಮೂಲಪುರುಷನ ಸಂತತಿಯೆಂದು ಅವರ ಮೌಖಿಕ ಪರಂಪರೆ ಹೇಳುತ್ತದೆ, ಆದರೆ ಆತ ಎಲ್ಲಿಂದ ಬಂದನೆಂಬುದರಲ್ಲಿ ಕಥೆಗಳು ಒಂದಕ್ಕೊಂದು ಹೊಂದುವುದಿಲ್ಲ. ನನ್ನ ದೃಷ್ಟಿಯಲ್ಲಿ, 15ನೆಯ ಶತಮಾನದ ಹೊತ್ತಿಗೆ ಹಲವು ಕುರಿಗಾಹಿ ಗುಂಪುಗಳು ಕ್ರಮೇಣ ಒಂದುಗೂಡಿ ಬುಡಕಟ್ಟಾದವೆಂಬ ವಿವರಣೆಯೇ ಹೆಚ್ಚು ಸಮಂಜಸ.

ದಾಖಲೆಗಳಲ್ಲಿ ಅವರು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು 1497ರ ಒಟ್ಟೊಮನ್ ತೆರಿಗೆ ಕಡತದಲ್ಲಿ. ಅದರಲ್ಲಿ 152 ಮನೆಗಳ ಲೆಕ್ಕವಿದೆ; ಮೆದುನ್‌ನಿಂದ ಪ್ಲಾವ್‌ಗೆ (ಎರಡೂ ಇಂದಿನ ಮಾಂಟೆನೆಗ್ರೋದಲ್ಲಿವೆ) ಹೋಗುವ ದಾರಿಯೂ ಸೇರಿದಂತೆ ಪರ್ವತ ಮಾರ್ಗಗಳನ್ನು ಕಾಯುವ ಹೊಣೆಗೆ ಪ್ರತಿಯಾಗಿ ಅವರಿಗೆ ಬಹುಪಾಲು ತೆರಿಗೆಗಳಿಂದ ವಿನಾಯಿತಿ ದೊರೆತಿತ್ತು. ಈ ಒಪ್ಪಂದ ಬಹುಕಾಲ ಬಾಳಲಿಲ್ಲ. ಹುಲ್ಲುಗಾವಲು ಕಡಿಮೆಯಿದ್ದ, ಬಹುಮಟ್ಟಿಗೆ ಕ್ಯಾಥೊಲಿಕರಾಗಿದ್ದ ಈ ಜನ 17ನೆಯ ಶತಮಾನದಲ್ಲಿ ದೂರದ ಬಯಲುಗಳವರೆಗೂ ದಾಳಿಯಿಟ್ಟರು (ಕಾವಲುಗಾರರೇ ದರೋಡೆಕೋರರಾದರೆಂದು ಸುಲ್ತಾನನ ಅಧಿಕಾರಿಗಳಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ). 1638ರಲ್ಲಿ ಅವರ ಮೇಲೆ ದೊಡ್ಡ ದಂಡಯಾತ್ರೆಯೇ ನಡೆಯಿತು. 1700ರಲ್ಲಿ ಇಂದಿನ ಕೊಸೊವೊದಲ್ಲಿರುವ ಪೇಯಾದ ಒಟ್ಟೊಮನ್ ಅಧಿಕಾರಿ ಹುದಾವೆರ್ದಿ ಪಾಷಾ ಬಹಳಷ್ಟು ಕುಟುಂಬಗಳನ್ನು ಇಂದಿನ ಸರ್ಬಿಯಾದಲ್ಲಿರುವ ಪೆಷ್ಟರ್ ಪ್ರಸ್ಥಭೂಮಿಗೆ ಬಲವಂತದಿಂದ ಸಾಗಿಸಿದ. ಕೆಲವೇ ವರ್ಷಗಳಲ್ಲಿ ಹಲವರು ಹೋರಾಡಿ ತಾಯ್ನೆಲಕ್ಕೆ ಮರಳಿದರು, ಉಳಿದವರಲ್ಲಿ ಅನೇಕರು ಇಸ್ಲಾಂ ಸ್ವೀಕರಿಸಿದರು. 1737ರ ಆಸ್ಟ್ರಿಯಾ-ಒಟ್ಟೊಮನ್ ಯುದ್ಧದಲ್ಲಿ ಆಸ್ಟ್ರಿಯಾದ ಪಕ್ಷ ವಹಿಸಿದ ಒಂದು ಗುಂಪು, ಸೋಲಿನ ನಂತರ ಉತ್ತರಕ್ಕೆ ವಲಸೆ ಹೋಗಿ ಸ್ರೆಮ್ ಪ್ರದೇಶದ, ಇಂದಿನ ಸರ್ಬಿಯಾದಲ್ಲಿರುವ ಹರ್ಟ್‌ಕೋವ್ಚಿ ಮತ್ತು ನಿಕಿಂಚಿ ಹಳ್ಳಿಗಳಲ್ಲಿ ನೆಲಸಿ, ಕಾಲಾನಂತರ ಅಲ್ಲಿನ ಕ್ರೊಯೇಷಿಯನ್ ಸಮುದಾಯದಲ್ಲಿ ಬೆರೆತುಹೋಯಿತು.