ಕೋರಾ ಬಟ್ಟೆಗೆ ಚೊಗರು ಹಿಡಿಯದಿದ್ದರೆ ಪಟಿಕವನ್ನು ದೂರಬೇಡಿ

ಅಕ್ಕಾ, ಫೋಟೋ ನೋಡಿದೆ. ಬಣ್ಣ ಬರಲೆಂದು ಅಂಗಡಿಯ ಕೋರಾ ಬಟ್ಟೆಯನ್ನು (ಬಿಳುಪು ಮಾಡದ ಹೊಸ ಬಟ್ಟೆ) ತಣ್ಣೀರಲ್ಲಿ ಜಾಲಿಸಿ ನೇರ ಚೊಗರಿಗೆ (ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಗಂದು ನೀರು) ಹಾಕಿದ್ದೀರಿ, ಅದೂ ಕಬ್ಬಿಣದ ಬಾಣಲೆಯಲ್ಲಿ. ಈಗ ಅಲ್ಲಲ್ಲಿ ಬಿಳಿ ಪಟ್ಟೆ, ಅಂಚಿಗೆ ಕಪ್ಪು ಚುಕ್ಕೆ. ಬಣ್ಣ ಹಿಡಿಸುವ ಪಟಿಕ (ಆಲಂ) ಜಾಸ್ತಿ ಹಾಕಿದರೆ ಸರಿಯಾದೀತಾ ಅಂತ ಕೇಳಿದ್ದೀರಿ. ಇಲ್ಲ ಮಾರಾಯ್ರೆ, ಆಗುವುದಿಲ್ಲ.

ಕೋರಾದಲ್ಲಿ ನೇಯುವಾಗ ಹಾಕಿದ ಗಂಜಿ ಉಂಟು, ಹತ್ತಿಯದ್ದೇ ಮೇಣ ಉಂಟು. ತಣ್ಣೀರಿಗೆ ಮೇಣ ಹೋಗುವುದಿಲ್ಲ. ಒಣ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿ ನಿಂತರೆ ಬಟ್ಟೆ ತಯಾರಾಗಿಲ್ಲ. ಬಿದ್ದ ಕೂಡಲೇ ಇಂಗಬೇಕು.

ಕುದಿಸುವ ಕ್ರಮ ಹೀಗೆ. ಒಣ ಬಟ್ಟೆ ತೂಗಿ, ಅಂದಾಜು ಬೇಡ. 1 ಕಿಲೋಗೆ 25ರಿಂದ 30 ಲೀಟರ್ ನೀರು, 20 ಗ್ರಾಂ ಸೋಡಾ ಆಶ್, ಒಂದು ಚಮಚ ಬಣ್ಣವಿಲ್ಲದ ಲಿಕ್ವಿಡ್ ಸೋಪು. ಸೋಡಾ ಆಶ್ ಅಂದರೆ ನುಣ್ಣಗಿನ ಒಣ ಪುಡಿ. ಹರಳು ಹರಳಾದ ವಾಷಿಂಗ್ ಸೋಡಾದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ, ಅದಾದರೆ 55 ಗ್ರಾಂ ಹಾಕಿ. ಅಡುಗೆ ಸೋಡಾ ಬೇರೆಯೇ ವಸ್ತು, ದಯವಿಟ್ಟು ಅದನ್ನು ತರಬೇಡಿ. ಸರ್ಫ್, ಏರಿಯಲ್ ಪುಡಿಯೂ ಬೇಡ, ಅದರಲ್ಲಿ ಬಿಳುಪು ಕೊಡುವ ರಾಸಾಯನಿಕ ಇರುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಒಂದೂವರೆ ಗಂಟೆ ಕುದಿಸಿ, ಆಗಾಗ ತಿರುಗಿಸಿ. ನೀರು ಚಹಾದ ಬಣ್ಣಕ್ಕೆ ಬಂದರೆ ಹೆದರಬೇಡಿ, ಹೋಗಬೇಕಾದದ್ದು ಅದೇ. ತುಂಬಾ ಕೆಂಪಾದರೆ ಚೆಲ್ಲಿ ಇನ್ನೊಂದು ಸಲ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ.

ರೇಷ್ಮೆಗೆ, ಉಣ್ಣೆಗೆ ಈ ಸೋಡಾ ತೋರಿಸಲೂಬೇಡಿ. ಅದಕ್ಕೆ ಈಜಿಯಂಥ (Ezee) ಮೃದು ಲಿಕ್ವಿಡ್ ಸೋಪು ಸಾಕು, ನೀರು ಕುದಿಯುವುದೂ ಬೇಡ.

ಕಪ್ಪು ಚುಕ್ಕೆ ಬಾಣಲೆಯದ್ದು. ಚೊಗರಿನ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪೇ. ನಿಮ್ಮ ಬೋರಿನ ನೀರನ್ನೂ ರಾತ್ರಿ ಬಿಳಿ ಬಕೆಟ್‌ನಲ್ಲಿಟ್ಟು ನೋಡಿ. ಬೆಳಿಗ್ಗೆ ಅಡಿಯಲ್ಲಿ ಕೆಂಪು ಗಸಿ ಕೂತಿದ್ದರೆ ಆ ನೀರು ಬೇಡ. ಮಳೆನೀರು ಹಿಡಿಯಿರಿ, ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಾವಿ) ಇದ್ದವರು ಅದರ ನೀರನ್ನೂ ಇದೇ ರೀತಿ ನೋಡಿ ಬಳಸಿ.

ಕುದಿಸಿದ ಬಟ್ಟೆಯನ್ನು ಹಸಿಯಾಗಿಯೇ ಸೋಸಿದ ಚೊಗರಿಗೆ ಬಿಡಿ. ಮಡಿಸಿ ತುರುಕಬೇಡಿ, ಈಜಾಡುವಷ್ಟು ಜಾಗ ಬೇಕು, ನಿಮ್ಮ ಬಿಳಿ ಪಟ್ಟೆಗೆ ಅರ್ಧ ಕಾರಣ ಅದೇ. ಸಣ್ಣ ಉರಿಯಲ್ಲಿ ಒಂದು ಗಂಟೆ, ಅದರಲ್ಲೇ ರಾತ್ರಿ ಆರಲಿ. ಮರುದಿನ ಕಿಲೋ ಬಟ್ಟೆಗೆ 150 ಗ್ರಾಂ ಪಟಿಕವನ್ನು ಬಿಸಿನೀರಲ್ಲಿ ಕರಗಿಸಿ, 20 ಗ್ರಾಂ ಸೋಡಾ ಆಶ್ ಬೇರೆ ಕರಗಿಸಿ ನಿಧಾನ ಸೇರಿಸಿ. ನೊರೆ ಉಕ್ಕುತ್ತದೆ, ದೊಡ್ಡ ಬಕೆಟ್ ಇರಲಿ. ಅದರಲ್ಲಿ ರಾತ್ರಿಯಿಡೀ ನೆನೆಸಿ, ಜಾಲಿಸಿ, ಮತ್ತೆ ಚೊಗರಿಗೆ. ಹತ್ತಿಗೆ ಒಗರು ಮೊದಲು, ಪಟಿಕ ಆಮೇಲೆ. ಒಗರಿಗೆಂದು ಬೇರೆ ಅಣಲೆಕಾಯಿ ಬೇಡ, ಚೊಗರಲ್ಲೇ ಸಾಕಷ್ಟು ಒಗರುಂಟು. ಒಣಗಿಸುವುದು ನೆರಳಲ್ಲಿ. ಒಗೆಯುವಾಗ ಸೋಡಾ ಸೋಪು ತಾಗಿದರೆ ಬಣ್ಣ ಕೆಂಪಿಗೆ ತಿರುಗುತ್ತದೆ, ವೀಳ್ಯದಲ್ಲಿ ಸುಣ್ಣ ಮಾಡುವ ಕೆಲಸವೇ. ಕೆಂಪೇ ಬೇಕಿದ್ದವರು ಕೊನೆಗೆ ತಿಳಿ ಸುಣ್ಣದ ನೀರಲ್ಲಿ ಒಮ್ಮೆ ಅದ್ದಿ ತೆಗೆಯಬಹುದು.

ಹಾಳಾದ ತುಂಡನ್ನು ಎಸೆಯಬೇಡಿ. ಕಿಲೋಗೆ 15 ಗ್ರಾಂ ಅನ್ನಭೇದಿ (ಕಬ್ಬಿಣದ ಉಪ್ಪು, ಫೆರಸ್ ಸಲ್ಫೇಟ್) ನೀರಲ್ಲಿ ಕರಗಿಸಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಹತ್ತು ನಿಮಿಷ ಕೈ ಬಿಡದೆ ತಿರುಗಿಸಿ. ಬೂದು ಮಿಶ್ರಿತ ಕಂದು ಬಂದು ಪಟ್ಟೆ ಸುಮಾರಾಗಿ ಮುಚ್ಚುತ್ತದೆ. ಅನ್ನಭೇದಿ 40 ಗ್ರಾಂ ದಾಟಿದರೆ ವರ್ಷ ಕಳೆಯುವಾಗ ನೂಲೇ ಪುಡಿಯಾಗುತ್ತದೆ.

ಅಂದ ಹಾಗೆ, "ಶುದ್ಧ ಕಾಟನ್" ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ ಕೂರಬೇಡಿ. ಎರಡು ಎಳೆ ಸುಡಿ. ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ ಬಂದರೆ ಹತ್ತಿ. ಗಟ್ಟಿ ಮಣಿ ಉಳಿದರೆ ಪಾಲಿಯೆಸ್ಟರ್ ಸೇರಿದೆ, ಅದಕ್ಕೆ ಚೊಗರು ಜನ್ಮದಲ್ಲಿ ಹಿಡಿಯುವುದಿಲ್ಲ. ಹೊಲಿದ ಅಂಗಿ ಅದ್ದುವವರೂ ಗಮನಿಸಿ, ಹೊಲಿಗೆ ನೂಲು ಹೆಚ್ಚಾಗಿ ಪಾಲಿಯೆಸ್ಟರೇ, ಬಿಳಿಯಾಗಿ ಎದ್ದು ಕಾಣುತ್ತದೆ.

ನಮ್ಮಲ್ಲಿ ಎಲ್ಲರದ್ದೂ ಚಾಲಿ (ಬೇಯಿಸದೆ ಒಣಗಿಸಿದ ಹಣ್ಣಡಿಕೆ), ಹಾಗಾಗಿ ಚೊಗರಿಗೆ ಘಟ್ಟದ ಮೇಲಿನ ನೆಂಟರನ್ನೇ ಕಾಯಬೇಕು. ಕೊಳೆರೋಗಕ್ಕೆ ಉದುರಿದ ಹಸಿ ಅಡಿಕೆ ಇದ್ದರೆ ಬಟ್ಟೆಯ ಎರಡರಷ್ಟು ತೂಕ ತೆಗೆದು, ಕೆತ್ತಿ, ರಾತ್ರಿ ನೆನೆಸಿ ಕುದಿಸಿ. ಬಣ್ಣ ತುಸು ತೆಳು, ಕೆಲಸ ನಡೆಯುತ್ತದೆ. ಹಳದಿ ಬೇಕಾದರೆ ಮಿಲ್ಲಿನಿಂದ ಹಲಸಿನ ಮರದ ಹುಡಿ ತಂದು ಪಟಿಕ ಕೊಟ್ಟ ಬಟ್ಟೆಗೆ ಹಾಕಿ. ಚೀಲದಲ್ಲಿ ಅಕೇಶಿಯಾ ಹುಡಿ ಬೆರೆತಿದೆಯಾ ಅಂತ ನೋಡಿ ತನ್ನಿ, ಬೆರೆತಿದ್ದರೆ ಹಳದಿ ಮಂಕಾಗುತ್ತದೆ.