ಬ್ರಿಟಲ್‌ಬುಷ್ ಗಿಡದ ಎಲೆ ಹಸಿರಿನ ಬದಲು ಬೆಳ್ಳಗೆ ಯಾಕೆ?
ಎಲೆಯ ಮೇಲೆ ಒತ್ತಾಗಿ ಬೆಳೆಯುವ ಬಿಳಿ ರೋಮಗಳಿಂದ. ಬಿಸಿಲಿಗೆ ಅವೇ ಅದರ ಕೊಡೆ.

ಅಮೆರಿಕದ ಅರಿಜೋನಾ, ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೋದ ಮರುಭೂಮಿಗಳಲ್ಲಿ ಹಳದಿ ಹೂ ಬಿಡುವ ಈ ಗಿಡ ನಮ್ಮ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬದ್ದೇ. ಸಾಮಾನ್ಯವಾಗಿ ಎಲೆಗಳು ನಾವು ಬೆವರಿದ ಹಾಗೆ ನೀರು ಬಿಟ್ಟು ತಣ್ಣಗಾಗುತ್ತವೆ. ಮರುಭೂಮಿಯಲ್ಲಿ ಅಷ್ಟು ನೀರೆಲ್ಲಿ? ಇಲ್ಲಿ ರೋಮಗಳು ಬಿಸಿಲಿನ ಒಂದು ಪಾಲನ್ನು ವಾಪಸ್ ಕಳಿಸುತ್ತವೆ. ಜಾಸ್ತಿ ನೀರು ಖರ್ಚಾಗದೆ ಎಲೆ ತಂಪಾಗಿರುತ್ತದೆ.

ಆದರೆ ಬೆಳಕು ಕಡಿಮೆಯಾದರೆ ಆಹಾರ ತಯಾರಿಕೆಯೂ ಕಡಿಮೆ, ಅಲ್ವಾ? ಅದಕ್ಕೇ ಮಳೆ ಬಿದ್ದಾಗ ಗಿಡ ರೋಮ ಕಡಿಮೆಯಿರುವ ದೊಡ್ಡ ಹಸಿರು ಎಲೆ ಬಿಡುತ್ತದೆ. ನೆಲ ಒಣಗಿದಂತೆ ಹೊಸ ಎಲೆಗಳು ಚಿಕ್ಕದಾಗಿ, ದಪ್ಪ ರೋಮ ಹೊದ್ದು ಬರುತ್ತವೆ. ಒಂದೇ ಗಿಡ ಕಾಲಕ್ಕೆ ತಕ್ಕಂತೆ ಬಟ್ಟೆ ಬದಲಿಸುವ ಈ ಜಾಣತನ ನನಗೆ ತುಂಬಾ ಇಷ್ಟ.